ದುಡ್ಡು ನಮ್ಮದು, ಬೀಗದ ಕೈ ಯಾರದು?

2025ರ ಅಕ್ಟೋಬರ್ 14ರಂದು ಜಗತ್ತಿನ ಕೋಟಿಗಟ್ಟಲೆ ಕಂಪ್ಯೂಟರುಗಳಿಗೆ ಒಂದೇ ದಿನ ವಯಸ್ಸಾಯಿತು. ಯಾವುದರ ಚಿಪ್ಪೂ ಸುಟ್ಟಿರಲಿಲ್ಲ, ಪರದೆ ಒಡೆದಿರಲಿಲ್ಲ, ಕೀಬೋರ್ಡಿನ ಒಂದು ಗುಂಡಿಯೂ ಕಿತ್ತು ಬಂದಿರಲಿಲ್ಲ. ಹಿಂದಿನ ರಾತ್ರಿ ಹೇಗೆ ಕೆಲಸ ಮಾಡುತ್ತಿದ್ದವೋ ಮರುದಿನವೂ ಹಾಗೇ ಮಾಡಿದವು. ಆಗಿದ್ದಿಷ್ಟು: 2015ರ ಜುಲೈಯಲ್ಲಿ ಬಂದ ವಿಂಡೋಸ್ 10ಕ್ಕೆ ಉಚಿತ ಸುರಕ್ಷತಾ ಅಪ್‌ಡೇಟ್ ನಿಲ್ಲಿಸಲು ಮೈಕ್ರೋಸಾಫ್ಟ್ ಗೊತ್ತುಮಾಡಿದ್ದ ದಿನ ಅದು. ವಿಂಡೋಸ್ 11ಕ್ಕೆ ಬನ್ನಿ ಎಂದು ಕಂಪನಿ ಕರೆಯಿತು. ಬರಲು ಸಿದ್ಧರಿದ್ದ ಎಷ್ಟೋ ಜನರ ಕಂಪ್ಯೂಟರಿಗೆ ಒಳಗೆ ಪ್ರವೇಶವಿರಲಿಲ್ಲ.

ಹೀಗೆ ಹೊರಗುಳಿಯುವ ಕಂಪ್ಯೂಟರುಗಳು ಸುಮಾರು 24 ಕೋಟಿ ಇರಬಹುದು ಎಂದು ಮಾರುಕಟ್ಟೆ ಅಧ್ಯಯನ ನಡೆಸುವ ಕ್ಯಾನಾಲಿಸ್ 2023ರ ಕೊನೆಯಲ್ಲೇ ಅಂದಾಜು ಮಾಡಿತ್ತು. ಕೂಗು ಎದ್ದ ಮೇಲೆ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ಹೆಚ್ಚುವರಿ ಅವಧಿ ಕೊಟ್ಟರು. 30 ಡಾಲರ್ ಕೊಡಿ, ಇಲ್ಲವೇ ಮೈಕ್ರೋಸಾಫ್ಟ್ ಖಾತೆ ತೆರೆದು ನಿಮ್ಮ ಸೆಟ್ಟಿಂಗ್‌ಗಳನ್ನು ನಮ್ಮ ಸರ್ವರಿಗೆ ಕಳಿಸಿ ಎಂಬ ಷರತ್ತು. ಯುರೋಪಿನ ಗ್ರಾಹಕ ಸಂಘಟನೆಗಳು ಪಟ್ಟು ಹಿಡಿದಾಗ ಅಲ್ಲಿನವರಿಗೆ ಷರತ್ತು ಸಡಿಲವಾಯಿತು. ನಮಗೆ ಆಗಲಿಲ್ಲ, ಏಕೆಂದರೆ ನಾವು ಯಾರೂ ಕೇಳಲಿಲ್ಲ.

ಕಂಪ್ಯೂಟರಿನ ಆಯಸ್ಸನ್ನು ಈಗ ಅದರ ಬಿಡಿಭಾಗಗಳು ನಿರ್ಧರಿಸುತ್ತಿಲ್ಲ, ದೂರದ ಕಚೇರಿಯಲ್ಲಿ ಬರೆದ ಒಂದು ಪಟ್ಟಿ ನಿರ್ಧರಿಸುತ್ತಿದೆ. ದುಡ್ಡು ಕೊಟ್ಟು ಕೊಂಡವರಿಗೆ ಆ ಪಟ್ಟಿಯನ್ನು ಮೀರುವ ಹಕ್ಕಿರಬೇಕು. ಈ ಹಕ್ಕು ಯಂತ್ರಕ್ಕೆ ಮಾತ್ರವಲ್ಲ, ಅದರೊಳಗೆ ನಾವು ಬರೆದಿಟ್ಟ ಕನ್ನಡಕ್ಕೂ ಬೇಕು.

ಮೊದಲು ಆ ಪಟ್ಟಿಯನ್ನೇ ನೋಡೋಣ. ವಿಂಡೋಸ್ 11 ಕೇಳುವ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಹತ್ತು ವರ್ಷ ಹಳೆಯ ಲ್ಯಾಪ್‌ಟಾಪಿನಲ್ಲೂ ಸಿಗುತ್ತವೆ. ತಡೆಯಾಗಿ ನಿಲ್ಲುವವು ಎರಡು. ಒಂದು, ಟಿಪಿಎಂ 2.0. ಇದು ಗುಪ್ತಕೀಲಿಗಳನ್ನು ಕಾಪಾಡುವ ಪುಟ್ಟ ಚಿಪ್. ಕಳ್ಳ ನಿಮ್ಮ ಲ್ಯಾಪ್‌ಟಾಪಿನ ಡಿಸ್ಕ್ ಕಿತ್ತು ತನ್ನ ಯಂತ್ರಕ್ಕೆ ಜೋಡಿಸಿದರೂ ಒಳಗಿರುವುದನ್ನು ಓದಲಾಗದಂತೆ ಮಾಡಲು ಇದು ನೆರವಾಗುತ್ತದೆ. ಒಳ್ಳೆಯ ವ್ಯವಸ್ಥೆ, ನನಗೆ ತಕರಾರಿಲ್ಲ. 2016, 2017ರ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಪ್ರತ್ಯೇಕ ಚಿಪ್ ಇಲ್ಲದಿದ್ದರೂ ಇದೇ ಕೆಲಸವನ್ನು ಪ್ರೊಸೆಸರಿನ ಫರ್ಮ್‌ವೇರ್ ಮಾಡುತ್ತದೆ. ಬಯೋಸ್‌ಗೆ ಹೋಗಿ ಆನ್ ಮಾಡಿಕೊಂಡರಾಯಿತು. ಎರಡನೆಯದು ಪ್ರೊಸೆಸರಿನ ತಲೆಮಾರು. ಇಂಟೆಲ್ ಆದರೆ 2017ರ ಆಗಸ್ಟಿನಲ್ಲಿ ಬಂದ 8ನೇ ತಲೆಮಾರಿನಿಂದ ಈಚಿನದು, ಎಎಂಡಿ ಆದರೆ ಹೆಚ್ಚುಕಡಿಮೆ ರೈಜೆನ್ 2000 ಸರಣಿಯಿಂದ ಈಚಿನದು ಬೇಕು. ಅದಕ್ಕೂ ಒಂದು ಹೆಜ್ಜೆ ಹಿಂದಿನದಾದರೆ, ಟಿಪಿಎಂ ಇದ್ದರೂ ಬಾಗಿಲು ಮುಚ್ಚಿರುತ್ತದೆ.

ಗೆರೆಯನ್ನು ಅಲ್ಲೇ ಏಕೆ ಎಳೆದರು? ಕಂಪನಿ ಕೊಡುವ ಕಾರಣ ಸುರಕ್ಷತೆ ಮತ್ತು ಭರವಸೆ. ಕಾರ್ಯವ್ಯವಸ್ಥೆಯ ಅಂತರಾಳಕ್ಕೆ ಕಳ್ಳ ಕೋಡ್ ನುಗ್ಗದಂತೆ ಕಾಯುವ ‘ಮೆಮೊರಿ ಇಂಟೆಗ್ರಿಟಿ’ ಎಂಬ ಏರ್ಪಾಡು ವಿಂಡೋಸ್‌ನಲ್ಲಿದೆ. ಅದಕ್ಕೆ ಬೇಕಾದ ನೆರವು ಪ್ರೊಸೆಸರಿನಲ್ಲೇ ಇದ್ದರೆ ಯಂತ್ರದ ವೇಗ ಹೆಚ್ಚು ಕುಗ್ಗುವುದಿಲ್ಲ. ಈ ನೆರವು ಇಂಟೆಲ್‌ನಲ್ಲಿ ಕೇಬಿ ಲೇಕ್‌ನಿಂದ, ಅಂದರೆ 7ನೇ ತಲೆಮಾರಿನಿಂದ ಇದೆ. ಎಎಂಡಿಯಲ್ಲಿ ಝೆನ್ 2 ವಿನ್ಯಾಸದಿಂದ ಇದೆ. ಹೀಗೆಂದು ಬರೆದಿರುವುದು ಮೈಕ್ರೋಸಾಫ್ಟಿನದೇ ತಾಂತ್ರಿಕ ದಾಖಲೆ. ಈಗ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿ. ಡೆಸ್ಕ್‌ಟಾಪಿನ ರೈಜೆನ್ 2000 ಝೆನ್ 2ಕ್ಕಿಂತ ಹಿಂದಿನ ವಿನ್ಯಾಸ. ಅದರಲ್ಲಿ ಆ ನೆರವಿಲ್ಲ, ಆದರೂ ಪ್ರವೇಶವಿದೆ. 7ನೇ ತಲೆಮಾರಿನ ಇಂಟೆಲ್‌ನಲ್ಲಿ ನೆರವಿದೆ, ಪ್ರವೇಶವಿಲ್ಲ. ಆ 7ನೇ ತಲೆಮಾರಿನ ಲ್ಯಾಪ್‌ಟಾಪ್ ಪ್ರೊಸೆಸರುಗಳಲ್ಲೂ ಕೋರ್ ಐ7-7820ಎಚ್‌ಕ್ಯೂ ಎಂಬ ಒಂದಕ್ಕೆ ಮಾತ್ರ 2021ರ ಆಗಸ್ಟಿನಲ್ಲಿ ವಿನಾಯಿತಿ ಸಿಕ್ಕಿತು. ಮೈಕ್ರೋಸಾಫ್ಟ್ ತಾನೇ ದುಬಾರಿ ಬೆಲೆಗೆ ಮಾರಿದ್ದ ಸರ್ಫೇಸ್ ಸ್ಟುಡಿಯೊ 2ರ ಒಳಗಿದ್ದದ್ದು ಅದೇ ಪ್ರೊಸೆಸರ್.

ಹಳೆಯ ಯಂತ್ರಗಳನ್ನೆಲ್ಲ ಪರೀಕ್ಷಿಸುತ್ತಾ ಕೂರಲು ಯಾವ ಕಂಪನಿಗೂ ಆಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಹಾಗಿದ್ದರೆ ‘ಇದರ ಮೇಲೆ ನಾವು ಪರೀಕ್ಷೆ ಮಾಡಿಲ್ಲ, ತೊಂದರೆಯಾದರೆ ನೀವೇ ಹೊಣೆ’ ಎಂದು ಬರೆದು ಮಾಲೀಕರ ಕೈಗೆ ಬಿಡಬಹುದಿತ್ತು. ರಿಜಿಸ್ಟ್ರಿಯಲ್ಲಿ ಒಂದು ಮೌಲ್ಯ ಬದಲಿಸಿ ಒಳಗೆ ಹೋಗುವ ದಾರಿಯನ್ನು ಕಂಪನಿಯೇ 2021ರಲ್ಲಿ ಪ್ರಕಟಿಸಿತ್ತು ಕೂಡ. 2025ರ ಆರಂಭದಲ್ಲಿ, ಅಂತಿಮ ದಿನ ಹತ್ತಿರವಾಗುತ್ತಿದ್ದಂತೆ, ಆ ಸೂಚನೆಯನ್ನು ತೆಗೆದುಹಾಕಿತು.

ಹೀಗೆ ಮೂಲೆಗೆ ಬಿದ್ದ ಲ್ಯಾಪ್‌ಟಾಪನ್ನು ಒಮ್ಮೆ ಬಿಚ್ಚಿ ನೋಡಬೇಕು. 7ನೇ ತಲೆಮಾರಿನ ಐ5, 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್‌ಡಿಸ್ಕ್: ಆ ಕಾಲದ ಸಾಮಾನ್ಯ ಜೋಡಣೆ. ಹಿಂಬದಿಯ ಸ್ಕ್ರೂಗಳಲ್ಲಿ ಒಂದೆರಡು ರಬ್ಬರ್ ಪಾದದ ಕೆಳಗೆ ಅಡಗಿರುತ್ತವೆ. ಅವಧಿ ಮುಗಿದ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ ಸುತ್ತ ಎಳೆದರೆ ಕ್ಲಿಪ್ಪುಗಳು ಟಕಟಕ ಬಿಟ್ಟುಕೊಂಡು ಮುಚ್ಚಳ ಎದ್ದು ಬರುತ್ತದೆ. ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಕಳಚುವುದು. ಅದನ್ನು ಮರೆತು ಮದರ್‌ಬೋರ್ಡ್ ಕಳೆದುಕೊಂಡವರಿದ್ದಾರೆ. ರ‍್ಯಾಮಿನ ಎರಡು ಬದಿಯ ಲೋಹದ ಕೊಂಡಿಗಳನ್ನು ಹೊರಕ್ಕೆ ಸರಿಸಿದರೆ ಪಟ್ಟಿ ತಾನಾಗಿ ಓರೆಯಾಗಿ ಏಳುತ್ತದೆ. ಪಕ್ಕದಲ್ಲಿ ಇನ್ನೊಂದು ಸ್ಲಾಟ್ ಖಾಲಿಯೇ ಇರುತ್ತದೆ, ಕೊಂಡ ದಿನದಿಂದಲೂ. ಹಾರ್ಡ್‌ಡಿಸ್ಕ್ ತೆಗೆದ ಜಾಗದಲ್ಲಿ ಅದೇ ಅಳತೆಯ ಎಸ್‌ಎಸ್‌ಡಿ ಕೂರುತ್ತದೆ. ಫ್ಯಾನಿನ ಬಾಯಿಗೆ ಧೂಳು ಒತ್ತಾಗಿ ಕಟ್ಟಿಕೊಂಡಿರುತ್ತದೆ. ಪ್ರೊಸೆಸರಿನ ಮೇಲೆ ಹಚ್ಚಿದ್ದ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿರುತ್ತದೆ. ‘ಲ್ಯಾಪ್‌ಟಾಪ್ ಕಾಯ್ತದೆ, ಸ್ಲೋ ಆಗಿದೆ’ ಎಂಬ ದೂರಿನ ಬಹುಪಾಲು ಈ ಧೂಳು, ಈ ಪೇಸ್ಟು, ಆ ಹಾರ್ಡ್‌ಡಿಸ್ಕುಗಳದು. ಇವನ್ನು ಸರಿಪಡಿಸಿ ಮುಚ್ಚಳ ಹಾಕಿದರೆ ಎರಡು ಮೂರು ನಿಮಿಷ ತಗೊಳ್ಳುತ್ತಿದ್ದ ಯಂತ್ರ ಅರ್ಧ ನಿಮಿಷದೊಳಗೆ ತೆರೆದುಕೊಳ್ಳುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯ ಸಂದಿಗೊಂದಿಗಳಲ್ಲಿ ಈ ಕೆಲಸವನ್ನು ಕಣ್ಣು ಮುಚ್ಚಿಕೊಂಡು ಮಾಡುವ ಹುಡುಗರಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಎಂಜಿನಿಯರಿಂಗ್ ಓದಿದವರಲ್ಲ. ಯಾವ ಮಾದರಿಯ ಯಾವ ಕೆಪಾಸಿಟರ್ ಮೊದಲು ಕೈಕೊಡುತ್ತದೆ ಎಂಬುದು ಅವರ ಬೆರಳಿಗೆ ಗೊತ್ತು. ಡಿಜಿಟಲ್ ಹಕ್ಕಿನ ಮಾತಾಡುವಾಗ ಇವರ ಹೊಟ್ಟೆಪಾಡು ನನಗೆ ಮೊದಲು ನೆನಪಾಗುತ್ತದೆ, ಏಕೆಂದರೆ ಬಿಚ್ಚಲಾಗದ ಯಂತ್ರ ಬಂದರೆ ಮೊದಲು ಅಂಗಡಿ ಮುಚ್ಚುವವರು ಇವರೇ.

ಅಂಥ ಯಂತ್ರ ಬರುತ್ತಲೇ ಇದೆ. ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕುವುದು ವಾಡಿಕೆಯಾಗಿದೆ. ಕೊಳ್ಳುವ ದಿನ ದುಡ್ಡು ಕಡಿಮೆಯಿತ್ತೆಂದು 8 ಜಿಬಿಗೆ ತೃಪ್ತಿಪಟ್ಟ ವಿದ್ಯಾರ್ಥಿ ನಾಳೆ ಕೆಲಸ ಸಿಕ್ಕ ಮೇಲೂ ಅದನ್ನು 16 ಮಾಡಿಕೊಳ್ಳುವಂತಿಲ್ಲ. ಬೆಸುಗೆಗೆ ತಾಂತ್ರಿಕ ಕಾರಣವಿದೆ ಎನ್ನುವುದು ನಿಜ: ಕಡಿಮೆ ವಿದ್ಯುತ್ ಕುಡಿಯುವ ಎಲ್‌ಪಿಡಿಡಿಆರ್ ಮೆಮೊರಿ ಪ್ರೊಸೆಸರಿಗೆ ತೀರಾ ಹತ್ತಿರ ಕೂತಾಗಲೇ ಅದರ ವೇಗ ಪೂರ್ತಿ ಸಿಗುತ್ತದೆ. ಆದರೆ ಆ ಕಾರಣಕ್ಕೂ ಈಗ ಉತ್ತರ ಸಿಕ್ಕಿದೆ. ಅದೇ ಮೆಮೊರಿಯನ್ನು ಸ್ಕ್ರೂ ಹಾಕಿ ಕೂರಿಸುವ ಎಲ್‌ಪಿಕ್ಯಾಮ್2 ಎಂಬ ಮಾದರಿ ಬಂದಿದ್ದು, 2024ರಲ್ಲಿ ಲೆನೊವೊ ತನ್ನ ಥಿಂಕ್‌ಪ್ಯಾಡ್ ಪಿ1ರಲ್ಲಿ ಅದನ್ನು ಬಳಸಿಯೂ ತೋರಿಸಿತು. ಉಳಿದವರು ಬಳಸದಿರುವುದು ಮನಸ್ಸಿಲ್ಲದೆ, ಮಾರ್ಗವಿಲ್ಲದೆ ಅಲ್ಲ.

2025ರ ಕೊನೆಗೆ ಈ ಪ್ರಶ್ನೆ ಇನ್ನಷ್ಟು ಬಿಗಿಯಾಯಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಸಾರಾಸಗಟಾಗಿ ಎತ್ತಿಕೊಂಡು ರ‍್ಯಾಮಿನ ಬೆಲೆ ಗಗನಕ್ಕೇರಿತು. ಮೈಕ್ರಾನ್ ಕಂಪನಿ ತನ್ನ ಕ್ರೂಶಿಯಲ್ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾಡುತ್ತಿದ್ದ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಆ ಡಿಸೆಂಬರಿನಲ್ಲಿ ಪ್ರಕಟಿಸಿತು. ಇಂಥ ಕಾಲದಲ್ಲಿ ಎರಡು ಸ್ಲಾಟಿನ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವುದು ಕೈಯಲ್ಲಿರುವ ಸೊತ್ತನ್ನು ಚೆಲ್ಲಿದ ಹಾಗೆ. ಜಗತ್ತು 2022ರಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹೊರಹಾಕಿತೆಂದೂ, ಅದರಲ್ಲಿ ಕಾಲುಭಾಗಕ್ಕಿಂತ ಕಡಿಮೆ ಮಾತ್ರ ಕ್ರಮಬದ್ಧವಾಗಿ ಮರುಬಳಕೆಗೆ ಹೋಯಿತೆಂದೂ ವಿಶ್ವಸಂಸ್ಥೆಯ ವರದಿ ಹೇಳುತ್ತದೆ.

ಬಿಚ್ಚಿ ಸರಿಮಾಡಿದ ಯಂತ್ರಕ್ಕೆ ಜೀವ ತುಂಬುವ ಸಾಫ್ಟ್‌ವೇರ್ ಯಾವುದು? ನನ್ನ ಉತ್ತರ ಲಿನಕ್ಸ್. ಮಿಂಟ್, ಡೆಬಿಯನ್, ಉಬುಂಟು, ಯಾವುದಾದರೂ ಸರಿ. ಪೆನ್‌ಡ್ರೈವಿಗೆ ಹಾಕಿ, ಒಳಗಿರುವುದನ್ನು ಅಳಿಸದೆಯೇ ಅದರಿಂದ ಯಂತ್ರವನ್ನು ಶುರು ಮಾಡಿ, ವೈಫೈ, ಧ್ವನಿ, ಕ್ಯಾಮೆರಾ ಸರಿಯಿವೆಯೇ ಎಂದು ನೋಡಿಕೊಂಡು ಆಮೇಲೆ ಹಾಕಿಕೊಳ್ಳಬಹುದು. ಕನ್ನಡಿಗರಿಗೆ ಇದರಲ್ಲಿ ಒಂದು ವಿಶೇಷ ಅನುಕೂಲವಿದೆ. ಕೀಬೋರ್ಡ್ ಸೆಟ್ಟಿಂಗಿಗೆ ಹೋದರೆ ನಮ್ಮ ಕಗಪ ವಿನ್ಯಾಸ ಅಲ್ಲೇ ಪಟ್ಟಿಯಲ್ಲಿ ಕಾಣುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ ಧ್ವನಿ ಆಧಾರಿತ ಜೋಡಣೆಯಿಂದ ಬೆಳೆದು ಬಂದ ವಿನ್ಯಾಸ ಅದು. ಬೇರೆ ಯಾವ ತಂತ್ರಾಂಶವನ್ನೂ ಹಾಕಿಕೊಳ್ಳದೆ ಹೆಚ್ಚುಕಡಿಮೆ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಾಗೆಯೇ ಬರೆಯಬಹುದು. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟುಗಳು ಡೆಬಿಯನ್ ಭಂಡಾರದಲ್ಲೇ ಇವೆ. ಯಾರೋ ಕನ್ನಡಿಗರು ರಾತ್ರಿ ನಿದ್ದೆಗೆಟ್ಟು, ಸಂಬಳವಿಲ್ಲದೆ ಮಾಡಿಟ್ಟ ಕೆಲಸ ಅದು.

ಎಲ್ಲರಿಗೂ ಲಿನಕ್ಸ್ ಒಗ್ಗುತ್ತದೆ ಎಂದು ನಾನು ಹೇಳುವುದಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಡಿಜಿಟಲ್ ಸಹಿಯ ಟೋಕನ್ ಸಿಕ್ಕಿಸಿ ಟೆಂಡರ್ ಹಾಕುವ ಗುತ್ತಿಗೆದಾರರು, ಕೋರಲ್‌ಡ್ರಾದಲ್ಲಿ ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಯವರು ಸದ್ಯಕ್ಕೆ ವಿಂಡೋಸ್ ಬಿಟ್ಟು ಬರಲಾರರು. ಕೆಲವು ಪ್ರಿಂಟರುಗಳೂ ಸತಾಯಿಸುತ್ತವೆ. ಆದರೆ ಮಕ್ಕಳ ಓದಿಗೆ, ಬರವಣಿಗೆಗೆ, ಬ್ರೌಸರಿನಲ್ಲಿ ನಡೆಯುವ ಬಹುಪಾಲು ಕೆಲಸಕ್ಕೆ ಇದು ಸಾಲುತ್ತದೆ. ಬೇಕೋ ಬೇಡವೋ ಎಂದು ತೀರ್ಮಾನಿಸುವವರು ಯಂತ್ರ ಕೊಂಡವರಾಗಿರಬೇಕು, ಅಷ್ಟೇ.

ಆ ತೀರ್ಮಾನಕ್ಕೂ ಒಂದು ಬಾಗಿಲಿದೆ, ಅದಕ್ಕೂ ಒಂದು ಬೀಗವಿದೆ. 2012ರಲ್ಲಿ ವಿಂಡೋಸ್ 8ರ ಜತೆ ‘ಸೆಕ್ಯೂರ್ ಬೂಟ್’ ಬಂತು. ಯಂತ್ರ ಶುರುವಾಗುವಾಗ ನಂಬಿಕಸ್ಥರ ಡಿಜಿಟಲ್ ಸಹಿಯಿರುವ ಕೋಡ್ ಮಾತ್ರ ಓಡಬೇಕು ಎಂಬುದು ಅದರ ಉದ್ದೇಶ. ವೈರಸ್ಸು ಕಾರ್ಯವ್ಯವಸ್ಥೆಗಿಂತ ಮೊದಲೇ ಏಳುವುದನ್ನು ಅದು ತಡೆಯುತ್ತದೆ, ನಿಜ. ಆದರೆ ನಂಬಿಕಸ್ಥರು ಯಾರು ಎಂದು ಹೇಳುವುದು ಮದರ್‌ಬೋರ್ಡಿನಲ್ಲಿ ಕೂತಿರುವ ಕೀಲಿ, ಹೆಚ್ಚುಕಡಿಮೆ ಎಲ್ಲ ಪಿಸಿಗಳಲ್ಲೂ ಅದು ಮೈಕ್ರೋಸಾಫ್ಟಿನದು. ಉಬುಂಟು, ಫೆಡೊರಾಗಳಂಥ ಲಿನಕ್ಸ್ ಹಂಚಿಕೆಗಳೂ ತಮ್ಮ ಮೊದಲ ತುಣುಕಿಗೆ ಅದೇ ಕಂಪನಿಯ ಸಹಿ ಪಡೆದು ಬರುತ್ತವೆ. ವಿಂಡೋಸ್ 8ರ ಕಾಲದಲ್ಲಿ ಈ ಬೀಗವನ್ನು ಆಫ್ ಮಾಡುವ ಅವಕಾಶವನ್ನು ಮಾಮೂಲಿ ಪಿಸಿಗಳಲ್ಲಿ ಕೊಡಲೇಬೇಕು ಎಂಬ ನಿಯಮವಿತ್ತು. ವಿಂಡೋಸ್ 10ರ ಹೊತ್ತಿಗೆ ಅದನ್ನು ತಯಾರಕರ ಇಷ್ಟಕ್ಕೆ ಬಿಟ್ಟರು. ಮನೆ ಮಾರಿದವರು ಬೀಗದ ಕೈಯನ್ನು ತಮ್ಮಲ್ಲೇ ಇಟ್ಟುಕೊಂಡು, ನೆಂಟರು ಬಂದಾಗಲೆಲ್ಲ ತಾವೇ ಬಂದು ತೆಗೆಯುತ್ತೇವೆ ಎಂದರೆ ಯಾರು ಒಪ್ಪುತ್ತಾರೆ? ಲ್ಯಾಪ್‌ಟಾಪ್ ಕೊಳ್ಳುವಾಗ ಅಂಗಡಿಯಲ್ಲೇ ಬಯೋಸ್ ತೆರೆಸಿ, ಸೆಕ್ಯೂರ್ ಬೂಟ್ ಆಫ್ ಮಾಡಲು ಬರುತ್ತದೆಯೇ ಎಂದು ನೋಡಿಕೊಳ್ಳಿ. ನಾಚಿಕೆ ಬೇಡ, ದುಡ್ಡು ನಿಮ್ಮದು.

ಈ ಜಗಳ ನಿನ್ನೆ ಮೊನ್ನೆಯದಲ್ಲ. 1980ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಕಾಗದ ಸಿಕ್ಕಿಕೊಂಡರೆ ಬಳಕೆದಾರರಿಗೆ ಸುದ್ದಿ ಮುಟ್ಟಿಸುವಂತೆ ಅದರ ಸಾಫ್ಟ್‌ವೇರನ್ನು ಬದಲಿಸಲು ರಿಚರ್ಡ್ ಸ್ಟಾಲ್‌ಮನ್ ಬಯಸಿದರು. ಆದರೆ ಮೂಲ ಕೋಡ್ ಇದ್ದವರು ಅದನ್ನು ಅವರಿಗೆ ಕೊಡಲು ನಿರಾಕರಿಸಿದರು. 1983ರ ಸೆಪ್ಟೆಂಬರ್ 27ರಂದು ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಘೋಷಿಸಿದ್ದರ ಹಿಂದೆ ಆ ಪ್ರಿಂಟರಿನ ಪ್ರಸಂಗವೂ ಇದೆ. ಬಳಸುವವರಿಗೆ ಓಡಿಸುವ, ಓದುವ, ತಿದ್ದುವ, ಹಂಚುವ ಸ್ವಾತಂತ್ರ್ಯ ಬೇಕೆಂಬ ಅವರ ಹಟದ ಮೇಲೆ, 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದ ಕರ್ನಲ್ ಬಂದು ಕೂತ ಮೇಲೆ, ಇಂದು ನಮ್ಮ ಹಳೆಯ ಲ್ಯಾಪ್‌ಟಾಪಿಗೆ ಮರುಜನ್ಮ ಕೊಡುವ ವ್ಯವಸ್ಥೆ ಸಿಕ್ಕಿತು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಅನೇಕರು ತಿಳಿದಿರುವುದಕ್ಕಿಂತ ಉದಾರವಾಗಿದೆ. ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿಗೆ 1999ರಲ್ಲಿ ತಿದ್ದುಪಡಿಯಾಗಿ ಕೆಲವು ಉಪವಿಧಿಗಳು ಸೇರಿದವು. ಕಾನೂನುಬದ್ಧವಾಗಿ ಪಡೆದ ತಂತ್ರಾಂಶ ಹೇಗೆ ಕೆಲಸ ಮಾಡುತ್ತದೆ ಎಂದು ಗಮನಿಸಿ ಅಧ್ಯಯನ ಮಾಡುವುದು, ಬೇರೆ ತಂತ್ರಾಂಶದ ಜತೆ ಅದು ಹೊಂದಿಕೊಂಡು ನಡೆಯಲು ಬೇಕಾದ, ಬೇರೆಡೆ ಸುಲಭವಾಗಿ ಸಿಗದ ಮಾಹಿತಿ ಪಡೆಯುವುದು, ವಾಣಿಜ್ಯ ಉದ್ದೇಶವಿಲ್ಲದ ಸ್ವಂತ ಬಳಕೆಗೆ ಪ್ರತಿ ಮಾಡಿಕೊಳ್ಳುವುದು ಅಥವಾ ಮಾರ್ಪಡಿಸಿಕೊಳ್ಳುವುದು ಉಲ್ಲಂಘನೆಯಲ್ಲ ಎನ್ನುತ್ತವೆ ಅವು. 2012ರಲ್ಲಿ 65ಎ ಸೆಕ್ಷನ್ ಬಂದು ಡಿಜಿಟಲ್ ಬೀಗ ಮುರಿಯುವುದನ್ನು ಅಪರಾಧ ಮಾಡಿತು. ಅಲ್ಲಿಯೂ ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶ ಇರಬೇಕು ಎಂಬ ಮಾತನ್ನು ಸಂಸತ್ತು ಸೇರಿಸಿತು. ಅಮೆರಿಕದ 1998ರ ಕಾನೂನಿನಲ್ಲಿ ಇಷ್ಟು ಸಡಿಲವಿಲ್ಲ. ಅಲ್ಲಿ ಬೀಗ ಮುರಿಯುವುದೇ ತಪ್ಪು, ರಿಪೇರಿಯಂಥ ಕೆಲಸಕ್ಕೆ ಮೂರು ವರ್ಷಕ್ಕೊಮ್ಮೆ ವಿನಾಯಿತಿ ಬೇಡಬೇಕು. ಇಷ್ಟು ಒಳ್ಳೆಯ ವಿಧಿ ನಮ್ಮಲ್ಲಿದ್ದೂ ಲೈಸೆನ್ಸ್ ಪುಟದ ‘ಒಪ್ಪಿದ್ದೇನೆ’ ಗುಂಡಿ ಒತ್ತುವಾಗ ಎಲ್ಲ ಹಕ್ಕೂ ಹೋಯಿತೆಂದು ನಾವು ಭಾವಿಸುತ್ತೇವೆ.

ರಿಪೇರಿಯ ಹಕ್ಕಿನಲ್ಲಿ ಮಾತ್ರ ಹಿಂದಿದ್ದೇವೆ. 2025ರ ಜೂನ್ 20ರಿಂದ ಯುರೋಪಿನಲ್ಲಿ ಮಾರುವ ಸ್ಮಾರ್ಟ್‌ಫೋನಿಗೆ, ಆ ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗ, 5 ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡಬೇಕು. ನಮ್ಮ ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ಮಾಡಿತು, ಪೋರ್ಟಲ್ ತೆರೆಯಿತು. ಯಾವ ಸಾಧನ ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆ ಎಂದು ಅಂಕ ಕೊಡುವ ಸೂಚ್ಯಂಕ ಬೇಕೆಂದು 2025ರ ಮೇನಲ್ಲಿ ಇನ್ನೊಂದು ಸಮಿತಿ ವರದಿ ಕೊಟ್ಟಿತು. ಶಿಫಾರಸಿನಿಂದ ಎಸ್.ಪಿ. ರಸ್ತೆಯ ಹುಡುಗನಿಗೆ ಬಿಡಿಭಾಗ ಸಿಗುವುದಿಲ್ಲ. ತಯಾರಕರ ಮೇಲೆ ಕಾನೂನಿನ ಕಡ್ಡಾಯ ಬೇಕು.

ಈಗ ನನಗೆ ಎಲ್ಲಕ್ಕಿಂತ ಹತ್ತಿರದ ವಿಷಯ. ಯಂತ್ರ ಹೋದರೆ ಇನ್ನೊಂದು ಬರುತ್ತದೆ, ಬರೆದದ್ದು ಹೋದರೆ? ಕರ್ನಾಟಕದ ಕಚೇರಿ, ಮುದ್ರಣಾಲಯ, ಸಂಘಸಂಸ್ಥೆಗಳ ಕಂಪ್ಯೂಟರುಗಳಲ್ಲಿ ಎರಡು ಮೂರು ದಶಕದ ಕನ್ನಡ ಹಳೆಯ ಫಾಂಟುಗಳ ಸಂಕೇತದಲ್ಲಿ ಕೂತಿದೆ. ಅಂಥ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದು ನೋಡಿ. ‘ಕನ್ನಡ’ ಎಂದು ಬರೆದಿದ್ದ ಜಾಗದಲ್ಲಿ ಮೊದಲು ಇಂಗ್ಲಿಷಿನ ಪಿ ಅಕ್ಷರ ಕಾಣುತ್ತದೆ, ಅದು ಕಕಾರದ ಒಡಲು. ಪಕ್ಕದಲ್ಲಿ ತಲೆಯ ಮೇಲೆ ಗೀಟಿರುವ ಎ, ಅದು ತಲೆಕಟ್ಟು. ನಕಾರದ ಜಾಗದಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆ, ಅದರ ಒತ್ತಿಗೆ ಜರ್ಮನ್ ಭಾಷೆಯ ಒಂದು ಅಕ್ಷರ, ಡಕಾರಕ್ಕೆ ಕ್ಯೂ. ಕಂಪ್ಯೂಟರಿನ ಮಟ್ಟಿಗೆ ಅಲ್ಲಿ ಕನ್ನಡವೇ ಇಲ್ಲ. ಇಂಗ್ಲಿಷ್ ಚಿಹ್ನೆಗಳ ಮೇಲೆ ಕನ್ನಡದ ಚಿತ್ರಗಳನ್ನು ಅಂಟಿಸಿದ್ದೆವು, ಅಷ್ಟೇ.

ಇದನ್ನು ಮಾಡಿದವರನ್ನು ದೂರುವುದು ಅನ್ಯಾಯ. 1998ರಲ್ಲಿ ಶೇಷಾದ್ರಿವಾಸು ‘ಬರಹ’ ತಂದಾಗ, ಬಳಿಕ ಕನ್ನಡ ಗಣಕ ಪರಿಷತ್ತು ಸರ್ಕಾರದ ಬೆಂಬಲದಿಂದ ‘ನುಡಿ’ ರೂಪಿಸಿದಾಗ ಅವರ ಕೈಯಲ್ಲಿದ್ದದ್ದು 256 ಮನೆಗಳ ಒಂದು ಕೋಷ್ಟಕ. ಯೂನಿಕೋಡ್ ಕೋಷ್ಟಕದಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ಆದರೆ ಅದನ್ನು ಒತ್ತಕ್ಷರ ಸಮೇತ ಪರದೆಯ ಮೇಲೆ ಮೂಡಿಸುವ ಶಕ್ತಿ ವಿಂಡೋಸಿಗೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅಷ್ಟರಲ್ಲಿ ಕಚೇರಿಗಳು ಕಾಯುವಂತಿರಲಿಲ್ಲ. ಇದ್ದ 256 ಮನೆಗಳಲ್ಲೇ ಕಾಗುಣಿತ, ಒತ್ತು, ದೀರ್ಘಗಳನ್ನೆಲ್ಲ ಹೊಂದಿಸಿ ಅವರು ಕನ್ನಡವನ್ನು ಕಂಪ್ಯೂಟರಿಗೆ ತಂದರು. ಆ ದುಡಿಮೆಗೆ ನಮಸ್ಕಾರ.

ತಪ್ಪಿದ್ದು ಆಮೇಲೆ. ದಾರಿ ತೆರೆದ ಮೇಲೂ ಹಳೆಯ ಸಂಕೇತದಲ್ಲೇ ಬರೆಯುತ್ತಾ ಹೋದೆವು. ಹಳೆಯ ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಬರುವುದಿಲ್ಲ ಎಂಬುದು ಮುದ್ರಣದವರ ಕಾರಣ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಹಳೆಯ ಸಂಕೇತದ ಕಡತಗಳಲ್ಲಿ ಒಂದು ಹೆಸರನ್ನು ಯೂನಿಕೋಡಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಲಾಗುವುದಿಲ್ಲ. ಕಣ್ಣು ಕಾಣದವರು ಪರದೆ ಓದುವ ತಂತ್ರಾಂಶದಿಂದ ಕೇಳಿಸಿಕೊಳ್ಳಲು ಹೋದರೆ ‘ಪಿ, ಎ, ಪೌಂಡ್’ ಎಂದು ಅರ್ಥವಿಲ್ಲದೆ ಉಲಿಯುತ್ತದೆ. ಕಣ್ಣಿದ್ದವರಿಗೆ ಇದು ಕಿರಿಕಿರಿ, ಅವರಿಗೆ ಇದು ಮಾಹಿತಿಯ ಹಕ್ಕನ್ನೇ ಕಿತ್ತುಕೊಂಡಂತೆ.

ಪರಿವರ್ತಕಗಳಿವೆ, ಉಚಿತವಾಗಿಯೇ ಸಿಗುತ್ತವೆ. ಆದರೆ ಪರಿವರ್ತನೆ ಗುಂಡಿ ಒತ್ತಿ ಮರೆಯುವ ಕೆಲಸವಲ್ಲ. ‘ಧರ್ಮ’ದ ಅರ್ಕಾವತ್ತನ್ನು ಹಳೆಯ ಸಂಕೇತದಲ್ಲಿ ಕಣ್ಣಿಗೆ ಕಾಣುವ ಹಾಗೆ ಮಕಾರದ ನಂತರ ಇಟ್ಟಿರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದಂತೆ ರೇಫ ಮೊದಲು, ಮಕಾರ ಆಮೇಲೆ. ಪರಿವರ್ತಕ ಪ್ರತಿ ಸಲವೂ ಹಿಂದಕ್ಕೆ ಹೋಗಿ ಅಕ್ಷರಗಳ ಸರದಿ ಬದಲಿಸಬೇಕು. ನಡುವೆ ನಿಜವಾದ ಇಂಗ್ಲಿಷ್ ಪದವೊಂದು ಬಂದರೆ ಅದನ್ನೂ ಕನ್ನಡವೆಂದು ತಿಳಿದು ಕಲಸಿಬಿಡುತ್ತದೆ. ಆದ್ದರಿಂದ ಓದಬಲ್ಲ ಕಣ್ಣೊಂದು ಪಕ್ಕದಲ್ಲಿರಬೇಕು. ಬರೆದವರು ಬದುಕಿರುವಾಗಲೇ, ಫಾಂಟ್ ಗೊತ್ತಿರುವ ಡಿಟಿಪಿಯವರು ಸಿಗುವಾಗಲೇ ಈ ಕೆಲಸ ಆಗಬೇಕು. ಸಣ್ಣ ಪತ್ರಿಕೆಗಳ, ಸ್ಮರಣ ಸಂಚಿಕೆಗಳ, ಜಿಲ್ಲಾ ಇತಿಹಾಸ ಬರೆದವರ ಹಳೆಯ ಸೀಡಿಗಳು ಈಗಲೇ ಓದಲು ಬಾರದಂತಾಗುತ್ತಿವೆ.

ಲ್ಯಾಪ್‌ಟಾಪಿನ ಮಾತೇ ಇಷ್ಟಾಯಿತು. ನಮ್ಮಲ್ಲಿ ಬಹುಜನರ ಒಂದೇ ಒಂದು ಕಂಪ್ಯೂಟರ್ ಅವರ ಜೇಬಿನ ಫೋನ್. ಅದರಲ್ಲಿ ಬೀಗ ಇನ್ನೂ ಗಟ್ಟಿ. ಆಂಡ್ರಾಯ್ಡ್ ಫೋನಿಗೆ ಗೂಗಲ್ ಅಂಗಡಿಯ ಹೊರಗಿನಿಂದಲೂ ಆ್ಯಪ್ ಹಾಕಿಕೊಳ್ಳಬಹುದೆಂಬುದು ಇಷ್ಟು ಕಾಲ ಅದರ ದೊಡ್ಡ ಗುಣವಾಗಿತ್ತು. ತನ್ನಲ್ಲಿ ಗುರುತು ನೋಂದಾಯಿಸದ ಡೆವಲಪರುಗಳ ಆ್ಯಪ್‌ಗಳನ್ನು ಪ್ರಮಾಣೀಕೃತ ಫೋನುಗಳಲ್ಲಿ ತಡೆಯುವುದಾಗಿ, 2026ರ ಸೆಪ್ಟೆಂಬರಿನಿಂದ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ ಶುರುಮಾಡಿ ಮುಂದೆ ಎಲ್ಲೆಡೆಗೆ ಹಬ್ಬಿಸುವುದಾಗಿ ಗೂಗಲ್ 2025ರ ಆಗಸ್ಟಿನಲ್ಲಿ ಪ್ರಕಟಿಸಿತು. ವಂಚಕ ಆ್ಯಪ್‌ಗಳ ಕಾಟ ಸುಳ್ಳಲ್ಲ, ನಮ್ಮ ಹಿರಿಯರು ಅದರಲ್ಲಿ ಹಣ ಕಳೆದುಕೊಂಡಿದ್ದಾರೆ. ಆದರೆ ತನ್ನ ಊರಿನ ಮಕ್ಕಳಿಗೆಂದು ಒಂದು ಕಾಗುಣಿತದ ಆ್ಯಪ್ ಮಾಡಿ ನೇರವಾಗಿ ಹಂಚುವ ಮೇಷ್ಟ್ರು ಏಕೆ ಪರದೇಶದ ಕಂಪನಿಗೆ ಗುರುತು ಚೀಟಿ ತೋರಿಸಬೇಕು? ಪ್ರತಿಭಟನೆ ಬಂದ ಮೇಲೆ, ತಿಳಿದು ಅಪಾಯ ಒಪ್ಪಿಕೊಳ್ಳುವವರಿಗೆ ಬೇರೆ ದಾರಿ ಇಡುತ್ತೇವೆ ಎಂದು ನವೆಂಬರಿನಲ್ಲಿ ಗೂಗಲ್ ತುಸು ಬಾಗಿತು.

ಸರ್ಕಾರಗಳಿಗೂ ಇದೇ ಆಸೆ. 2025ರ ನವೆಂಬರ್ 28ರಂದು ದೂರಸಂಪರ್ಕ ಇಲಾಖೆ ಸಂಚಾರ್ ಸಾಥಿ ಆ್ಯಪನ್ನು ಎಲ್ಲ ಹೊಸ ಫೋನುಗಳಲ್ಲಿ ಮೊದಲೇ ಹಾಕಿ ಕೊಡಬೇಕು ಎಂದು ತಯಾರಕರಿಗೆ ಆದೇಶಿಸಿತು. ಗದ್ದಲವೆದ್ದು ಡಿಸೆಂಬರ್ 3ಕ್ಕೆ ಆದೇಶ ಹಿಂದಕ್ಕೆ ಹೋಯಿತು. ಆ ಆ್ಯಪ್ ಕಳೆದ ಫೋನ್ ಹುಡುಕಲು ಉಪಯುಕ್ತವೇ, ಬೇಕಾದವರು ಹಾಕಿಕೊಳ್ಳಲಿ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ ಮೊಕದ್ದಮೆಯಲ್ಲಿ. ಇಳಿವಯಸ್ಸಿನಲ್ಲಿ ಒಬ್ಬರು ಕೋರ್ಟಿಗೆ ಹೋಗಿ ತಂದುಕೊಟ್ಟ ಹಕ್ಕನ್ನು ಬಳಸದೆ ಇಡುವುದು ಸರಿಯಲ್ಲ.

ದೊಡ್ಡವರಿಗೂ ಇದರಿಂದ ರಕ್ಷಣೆಯಿಲ್ಲ. 2025ರ ಜುಲೈಯಲ್ಲಿ ಯುರೋಪಿನ ನಿರ್ಬಂಧದ ನೆಪದಲ್ಲಿ ಗುಜರಾತಿನ ವಾಡಿನಾರ್ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿಗೆ ಮೈಕ್ರೋಸಾಫ್ಟ್ ತನ್ನ ಸೇವೆ ನಿಲ್ಲಿಸಿತು. ನಯಾರಾ ತಾನು ದುಡ್ಡು ಕೊಟ್ಟ ಇಮೇಲ್ ತೆರೆಯಲಾಗದೆ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು, ಆ ಬಳಿಕ ಸೇವೆ ಮರಳಿತು. ತೈಲ ಕಂಪನಿಗೆ ವಕೀಲರಿದ್ದರು. ತಾಲ್ಲೂಕು ಕಚೇರಿಗೆ, ಸರ್ಕಾರಿ ಶಾಲೆಗೆ ಯಾರಿದ್ದಾರೆ?

ಪಕ್ಕದ ಕೇರಳ ಈ ಪ್ರಶ್ನೆಯನ್ನು ಎಂದೋ ಕೇಳಿಕೊಂಡಿತು. ಅಲ್ಲಿನ ಶಾಲೆಗಳ ಕಂಪ್ಯೂಟರ್ ಕಲಿಕೆ ವರ್ಷಗಳಿಂದ ಸ್ವತಂತ್ರ ತಂತ್ರಾಂಶದಲ್ಲೇ ನಡೆಯುತ್ತಿದೆ. ಕೈಟ್ ಎಂಬ ಸರ್ಕಾರಿ ಸಂಸ್ಥೆ ಉಬುಂಟುವನ್ನು ತನ್ನ ಪಠ್ಯಕ್ಕೆ ಹೊಂದಿಸಿ ಮಕ್ಕಳಿಗೆ, ಶಿಕ್ಷಕರಿಗೆ ಹಂಚುತ್ತದೆ. ಕರ್ನಾಟಕದ ಖರೀದಿ ಟೆಂಡರುಗಳಲ್ಲೂ ಮೂರು ಸಾಲು ಸೇರಿದರೆ ಸಾಕು: ಯಂತ್ರದ ರ‍್ಯಾಮ್, ಡಿಸ್ಕು ಬದಲಿಸಲು ಬರಬೇಕು; ಬೇರೆ ಕಾರ್ಯವ್ಯವಸ್ಥೆ ಹಾಕಲು ತಡೆ ಇರಬಾರದು; ಕನ್ನಡದ ಕಡತಗಳು ಯೂನಿಕೋಡಿನಲ್ಲಿ, ಮುಕ್ತ ಸ್ವರೂಪದಲ್ಲಿ ಇರಬೇಕು.

ಇನ್ನೊಂದು ಮಾತು ಬೆಂಗಳೂರಿನ ಐಟಿ ಕಂಪನಿಗಳಿಗೆ. ಮೂರು ನಾಲ್ಕು ವರ್ಷ ಬಳಸಿದ ಗಟ್ಟಿಮುಟ್ಟಾದ ಲ್ಯಾಪ್‌ಟಾಪುಗಳನ್ನು ನೀವು ಹರಾಜು ಹಾಕುತ್ತೀರಿ, ಕೆಲವನ್ನು ಹಳ್ಳಿಯ ಶಾಲೆಗಳಿಗೆ ದಾನವಾಗಿ ಕೊಡುತ್ತೀರಿ. ಅವುಗಳಲ್ಲಿ ಎಷ್ಟೋ ಬಯೋಸ್ ಪಾಸ್‌ವರ್ಡ್ ಸಮೇತ ಬರುತ್ತವೆ. ಇನ್ನು ಕೆಲವು ಕಂಪನಿಯ ನಿರ್ವಹಣಾ ಖಾತೆಗೆ ಇನ್ನೂ ನೋಂದಾಯಿತವಾಗಿದ್ದು, ಇಂಟರ್ನೆಟ್ ಸಿಕ್ಕ ಕೂಡಲೇ ಯಾವುದೋ ಉದ್ಯೋಗಿಯ ಲಾಗಿನ್ ಕೇಳಿ ನಿಲ್ಲುತ್ತವೆ. ಶಾಲೆಯವರಿಗೆ ಅದನ್ನು ತೆಗೆಯುವ ದಾರಿಯಿಲ್ಲ, ಒಳ್ಳೆಯ ಯಂತ್ರ ಬೀರುವಿನಲ್ಲಿ ಕೊಳೆಯುತ್ತದೆ. ವಿಲೇವಾರಿ ಪಟ್ಟಿಗೆ ಸಹಿ ಹಾಕುವ ಮುನ್ನ ದತ್ತಾಂಶ ಅಳಿಸಿ, ಪಾಸ್‌ವರ್ಡ್ ತೆಗೆದು, ನೋಂದಣಿ ರದ್ದು ಮಾಡಿ ಎಂದು ನಿಮ್ಮ ಐಟಿ ವಿಭಾಗಕ್ಕೆ ಒಂದು ಸೂಚನೆ ಕೊಡಿ. ಒಂದೊಂದು ಯಂತ್ರಕ್ಕೂ ಅದು ಕೆಲವು ನಿಮಿಷದ ಕೆಲಸ, ಮತ್ತು ಅದನ್ನು ಮಾಡಲು ಸಾಧ್ಯವಿರುವವರು ನೀವೊಬ್ಬರೇ.